ಕೀಮೋ, ರೇಡಿಯೇಷನ್ ನಡೆಯುವಾಗ ಊಟ: ಪಥ್ಯ ಬಿಡಿ, ತೂಕ ಹಿಡಿಯಿರಿ

ಕೀಮೋ ಮುಗಿಸಿ ಮನೆಗೆ ಬಂದವರ ಮುಂದೆ ನಮ್ಮಲ್ಲಿ ಮೊದಲು ಬರುವುದು ತಿಳಿಗಂಜಿ. ಅದರ ಹಿಂದೆಯೇ ನೆಂಟರಿಷ್ಟರ ಪಟ್ಟಿಯೂ ಬರುತ್ತದೆ: ಬದನೆಕಾಯಿ ನಂಜು, ಮೊಟ್ಟೆ ಉಷ್ಣ, ತೊಗರಿಬೇಳೆ ವಾಯು, ಮೊಸರು ಶೀತ, ಕಡಲೆಕಾಯಿ ಪಿತ್ತ. ಇಷ್ಟನ್ನೂ ಬಿಡಿಸಿದ ಮೇಲೆ ತಟ್ಟೆಯಲ್ಲಿ ಉಳಿಯುವುದು ಅನ್ನ, ತಿಳಿಸಾರು. ಎರಡು ಟೀ ಚಮಚ ಅಕ್ಕಿ ಹಾಕಿ ಕುದಿಸಿದ ಒಂದು ಲೋಟ ಗಂಜಿಯಲ್ಲಿ ಇರುವುದು ಸುಮಾರು 35 ಕ್ಯಾಲೊರಿ. ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಚಿಕಿತ್ಸೆಯಲ್ಲಿರುವವರಿಗೆ ಬೇಕಾದದ್ದು ಅವರ ತೂಕದ ಪ್ರತಿ ಕೆಜಿಗೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್. ಅಂದರೆ 50 ಕೆಜಿ ಇರುವವರಿಗೆ ದಿನಕ್ಕೆ 1,250ರಿಂದ 1,500 ಕ್ಯಾಲೊರಿ, 50ರಿಂದ 75 ಗ್ರಾಂ ಪ್ರೋಟೀನ್. ಗಂಜಿ ಕುಡಿಸಿಯೇ ಇಷ್ಟು ತುಂಬಿಸುತ್ತೇವೆಂದರೆ ದಿನಕ್ಕೆ ಮೂವತ್ತೈದು ಲೋಟವಾದರೂ ಸಾಲದು.

ತೂಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕೀಮೋ ಡೋಸ್ ಲೆಕ್ಕ ಹಾಕುವುದು ಮೈಯ ಅಳತೆ ನೋಡಿ. ತೀರಾ ಸೊರಗಿದರೆ ಡೋಸ್ ಇಳಿಸಬೇಕಾಗುತ್ತದೆ, ಇಲ್ಲವೇ ಮುಂದಿನ ಸುತ್ತನ್ನು ಮುಂದೂಡಬೇಕಾಗುತ್ತದೆ. ಬಾಯಿ, ಗಂಟಲಿಗೆ ರೇಡಿಯೇಷನ್ ಕೊಡುವಾಗ ಮುಖ ಅಲುಗದಂತೆ ಅಳತೆಗೆ ತಕ್ಕ ಮಾಸ್ಕ್ ಮಾಡಿರುತ್ತಾರೆ. ಕೆನ್ನೆ ಇಳಿದರೆ ಅದು ಸಡಿಲವಾಗಿ, ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನಿಂಗ್. ಅದಕ್ಕೇ ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಶೌಚ ಮುಗಿಸಿ ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ. 60 ಕೆಜಿ ಇದ್ದವರು 57ಕ್ಕೆ ಇಳಿದರೆ ಶೇ. 5ರಷ್ಟು ಹೋಯಿತೆಂದು ಲೆಕ್ಕ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಡಾಕ್ಟರಿಗೆ ಹೇಳಿ. ಕಾಲು ಬಾತಿದ್ದರೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತಕ್ಕಡಿಯನ್ನು ನಂಬಬೇಡಿ. ನೀರಿನ ತೂಕದ ಅಡಿಯಲ್ಲಿ ಮಾಂಸಖಂಡ ಕರಗುತ್ತಿರುವುದು ಕಾಣುವುದಿಲ್ಲ. ತೋಳು, ಕೆನ್ನೆ ನೋಡಿ ಅಳೆಯಬೇಕು.

ಪ್ರೋಟೀನ್ ಲೆಕ್ಕ

ಡಬ್ಬದ ಪುಡಿಗೆ ಹೋಗುವ ಮುಂಚೆ ಅಡುಗೆಮನೆಯಲ್ಲಿ ಏನಿದೆ ನೋಡೋಣ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ 6, ಒಂದು ಬಟ್ಟಲು ಮೊಸರಿನಲ್ಲಿ 5, 50 ಗ್ರಾಂ ಪನೀರಿನಲ್ಲಿ 9, ಒಂದು ಹಿಡಿ (25 ಗ್ರಾಂ) ಹುರಿಗಡಲೆಯಲ್ಲಿ 5, ಅಷ್ಟೇ ಕಡಲೆಕಾಯಿ ಬೀಜದಲ್ಲಿ 6, ನೆನೆಸುವ ಮುಂಚೆ ತೂಗಿದ 25 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 13 ಗ್ರಾಂ ಪ್ರೋಟೀನ್ ಇರುತ್ತದೆ. ಅಂಗೈಯಗಲದ ಮೀನು ಅಥವಾ ಕೋಳಿ ತುಂಡು, 75 ಗ್ರಾಂ ಎಂದುಕೊಳ್ಳಿ, 15ರಿಂದ 18 ಗ್ರಾಂ ಕೊಡುತ್ತದೆ. ಬೇಳೆಯ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು: 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಇರುವುದು ನಿಜ, ಆದರೆ ರೋಗಿಗೆ ಬಡಿಸುವುದು ಕಟ್ಟಿನ ಸಾರಿನ ತಿಳಿ. ಪ್ರೋಟೀನ್ ಇರುವುದು ತಳದಲ್ಲಿ ಕೂತ ಬೇಳೆಯಲ್ಲಿ. ಸಾರನ್ನು ಕಲಕಿ, ಬೇಳೆ ಸಮೇತ ಕಡೆದು ಬಡಿಸಿ.

50 ಕೆಜಿ ತೂಕದವರ ಒಂದು ದಿನ ಹೀಗಿರಬಹುದು: ಎರಡು ಮೊಟ್ಟೆ, ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, 50 ಗ್ರಾಂ ಬೇಳೆ, ಒಂದು ಹಿಡಿ ಹುರಿಗಡಲೆ ಪುಡಿ, ಅನ್ನ-ರಾಗಿ ಸೇರಿ 200 ಗ್ರಾಂ ಧಾನ್ಯ. ಪ್ರೋಟೀನ್ ಸುಮಾರು 60 ಗ್ರಾಂ ಆಗುತ್ತದೆ. ಮೊಟ್ಟೆ ತಿನ್ನದವರು ಅದರ ಜಾಗಕ್ಕೆ ಪನೀರು ಹಾಕಿಕೊಳ್ಳಿ, ಅರ್ಧ ಲೀಟರ್ ಹಾಲಿಗೆ ನಾಲ್ಕು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಬೆರೆಸಿಡಿ. 10 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ, ಲೋಟದ ಲೆಕ್ಕ ಹೆಚ್ಚುವುದಿಲ್ಲ. ಪುಡಿಯನ್ನು ಮೊದಲು ಸ್ವಲ್ಪ ತಣ್ಣನೆ ಹಾಲಿನಲ್ಲಿ ಕಲಸಿ, ಆಮೇಲೆ ಬಿಸಿ ಹಾಲಿಗೆ ಸೇರಿಸಬೇಕು. ನೇರ ಬಿಸಿಗೆ ಸುರಿದರೆ ಗಂಟುಕಟ್ಟುತ್ತದೆ. ‘ಡೈರಿ ವೈಟ್ನರ್’ ಎಂದು ಬರೆದಿರುವ ಪ್ಯಾಕೆಟ್ ಬೇಡ. ಅದರಲ್ಲಿ ಸಕ್ಕರೆ ಸೇರಿರುತ್ತದೆ, ಪ್ರೋಟೀನ್ ಕಡಿಮೆ.

ಕಿಡ್ನಿ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರ ಪ್ರೋಟೀನ್ ಎಷ್ಟಿರಬೇಕೆಂದು ಡಾಕ್ಟರೇ ಹೇಳಬೇಕು. ಸಕ್ಕರೆ ಬಿಟ್ಟರೆ ಗೆಡ್ಡೆ ಉಪವಾಸ ಬಿದ್ದು ಸಾಯುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ಡಿಲೀಟ್ ಮಾಡಿ. ಉಪವಾಸ ಬೀಳುವುದು ರೋಗಿ. ಸ್ತನ ಕ್ಯಾನ್ಸರ್ ಇದ್ದವರು ಸೋಯಾ ಮುಟ್ಟಬಾರದೆಂಬ ಮಾತೂ ಅಷ್ಟೇ. ಊಟದ ಪ್ರಮಾಣದ ಸೋಯಾದಿಂದ ತೊಂದರೆಯಿಲ್ಲ, ಮಾತ್ರೆ ರೂಪದ ಸೋಯಾ ಸಾರ ಬೇಡ.

ರಾಗಿ: ಕುಡಿಯುವ ಹಾಗೂ ಇರಬೇಕು, ಶಕ್ತಿಯೂ ಇರಬೇಕು

ರಾಗಿ ಗಂಜಿಯಲ್ಲಿ ಒಂದು ತೊಡಕಿದೆ. ಹಿಟ್ಟು ಹೆಚ್ಚು ಹಾಕಿದರೆ ಅಂಟಾಗಿ ಗಂಟಲಲ್ಲಿ ಇಳಿಯದು, ಕಡಿಮೆ ಹಾಕಿದರೆ ನೀರೇ ಗತಿ. ಇದಕ್ಕೆ ಪರಿಹಾರ ಮಗುವಿಗೆ ಮಾಡುವ ಮೊಳಕೆ ರಾಗಿಯ ಹಿಟ್ಟಿನಲ್ಲೇ ಇದೆ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ; ಅದು ಪಿಷ್ಟವನ್ನು ಕತ್ತರಿಸಿ ಗಟ್ಟಿ ಗಂಜಿಯನ್ನೂ ನೀರಾಗಿಸುತ್ತದೆ.

ಅರ್ಧ ಕೆಜಿ ರಾಗಿ ತೊಳೆದು 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಇಡಿ, ನಡುನಡುವೆ ನೀರು ಚಿಮುಕಿಸಿ. ಮೊಳಕೆ ಅರ್ಧ ಸೆಂಟಿಮೀಟರ್ ಬಂದ ಮೇಲೆ ಬಿಸಿಲಲ್ಲಿ ಗರಿಗರಿಯಾಗುವ ತನಕ ಒಣಗಿಸಿ, ಉಜ್ಜಿ, ಮೊಳಕೆಯ ಎಳೆಗಳನ್ನು ತೂರಿಬಿಡಿ. ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ, ಎರಡು ಮೂರು ನಿಮಿಷ, ಬೆಚ್ಚಗೆ ಮಾಡಿ ಬೀಸಿಸಿ. ಎಡವಟ್ಟಾಗುವುದು ಈ ಹುರಿಯುವ ಹಂತದಲ್ಲಿ: ಬಣ್ಣ ಕಪ್ಪೇರುವಂತೆ ಹುರಿದರೆ ಕಿಣ್ವ ಸತ್ತು, ಹಿಟ್ಟು ರುಚಿಗಷ್ಟೇ ಬರುತ್ತದೆ. ಮಳೆಗಾಲದಲ್ಲಿ ಬಟ್ಟೆಗಂಟಿನಿಂದ ಮುಗ್ಗಲು ವಾಸನೆ ಬಂದರೆ ಇಡೀ ರಾಗಿಯನ್ನು ಚೆಲ್ಲಿ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸುವುದು ಬೇಡ.

ಈಗ ಗಂಜಿ. 50 ಗ್ರಾಂ ಸಾದಾ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ, ಒಂದು ಲೋಟ ಕುದಿನೀರಿಗೆ ಸುರಿದು ಎಂಟು ಹತ್ತು ನಿಮಿಷ ಬೇಯಿಸಿ. ಅದು ಹಲ್ವದಂತೆ ಬಿಗಿಯಾಗುತ್ತದೆ, ಆಗಲಿ. ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಬಿಡಿ. ಹಬೆ ಆಡುತ್ತಿರಬೇಕು, ಗುಳ್ಳೆ ಏಳಬಾರದು. ಮೊಳಕೆ ಹಿಟ್ಟನ್ನು ಕುದಿಯುವಾಗಲೇ ಹಾಕಿದರೆ ಕಿಣ್ವ ಕೆಲಸ ಮಾಡುವುದಿಲ್ಲ. ಒಂದು ಟೀ ಚಮಚ ಮೊಳಕೆ ಹಿಟ್ಟನ್ನು ಸ್ವಲ್ಪ ನೀರಲ್ಲಿ ಕಲಸಿ ಸೇರಿಸಿ ತಿರುವುತ್ತಿರಿ. ಐದು ನಿಮಿಷದೊಳಗೆ ಸೌಟಿನಿಂದ ಧಾರೆಯಾಗಿ ಇಳಿಯುವಷ್ಟು ತೆಳ್ಳಗಾಗುತ್ತದೆ. ಮೊಳಕೆ ಹಿಟ್ಟಿನಲ್ಲಿ ಸೂಕ್ಷ್ಮಾಣುಗಳು ಇರಬಹುದಾದ್ದರಿಂದ ಮತ್ತೆ ಮೂರ್ನಾಲ್ಕು ನಿಮಿಷ ಕುದಿಸಲೇಬೇಕು. ನಂತರ ಎರಡು ದೊಡ್ಡ ಚಮಚ ಹಾಲಿನ ಪುಡಿ ಬೆರೆಸಿದ 250 ಮಿ.ಲೀ. ಗಟ್ಟಿ ಹಾಲು, ಎರಡು ಟೀ ಚಮಚ ತುಪ್ಪ. ಬೆಲ್ಲ 20 ಗ್ರಾಂ, ಅದನ್ನು ಇಳಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಎರಡು ಲೋಟಕ್ಕೆ ಸುಮಾರು 550 ಕ್ಯಾಲೊರಿ, 17 ಗ್ರಾಂ ಪ್ರೋಟೀನ್. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಉಪ್ಪು, ಜೀರಿಗೆ ಪುಡಿ, ಕಡೆದ ಹೆಸರುಬೇಳೆ ಸೇರಿಸಿಕೊಳ್ಳಬಹುದು. ಕೀಮೋ ಜೊತೆ ಕೊಡುವ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧ ರಕ್ತದ ಸಕ್ಕರೆ ಏರಿಸುತ್ತದೆ. ಅದೇ ವಾರ ಊಟ ಸೇರದೆ ಇನ್ಸುಲಿನ್ ಮಾತ್ರ ಎಂದಿನಂತೆ ಹಾಕಿಕೊಂಡರೆ ಲೋ ಶುಗರ್ ಆಗುವ ಭಯವೂ ಇದೆ. ಊಟ ಅರ್ಧಕ್ಕೆ ಇಳಿದ ದಿನ ಇನ್ಸುಲಿನ್ ಎಷ್ಟೆಂದು ಫೋನ್ ಮಾಡಿ ಕೇಳಿಕೊಳ್ಳಿ.

ವಾಕರಿಕೆಯ ದಿನಗಳು

ವಾಂತಿ ನಿಲ್ಲಿಸುವ ಮಾತ್ರೆಯನ್ನು ವಾಂತಿ ಬಂದ ಮೇಲೆ ತೆಗೆದುಕೊಳ್ಳುವವರೇ ಜಾಸ್ತಿ. ಚೀಟಿಯಲ್ಲಿ ಬರೆದ ಹೊತ್ತಿಗೆ, ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ, ನುಂಗಿಸಿ. ಒಗ್ಗರಣೆಯ ಘಾಟು, ಕುಕ್ಕರಿನ ಆವಿ, ಕುದಿಯುವ ಹಾಲಿನ ವಾಸನೆ, ಈ ಮೂರೂ ವಾಕರಿಕೆ ಎಬ್ಬಿಸುತ್ತವೆ. ಅಡುಗೆ ಆಗುವಾಗ ರೋಗಿ ಬೇರೆ ಕೋಣೆಯಲ್ಲೋ ಜಗುಲಿಯಲ್ಲೋ ಇರಲಿ. ಬಿಸಿ ಆರಿದ ಊಟಕ್ಕೆ ವಾಸನೆ ಕಡಿಮೆ: ಮೊಸರನ್ನ, ಆರಿದ ಇಡ್ಲಿ, ಅವಲಕ್ಕಿ ಮೊಸರು ಒಗ್ಗುತ್ತವೆ. ಬೆಳಿಗ್ಗೆ ಏಳುವ ಮುಂಚೆಯೇ ಒಂದೆರಡು ರಸ್ಕ್ ಅಥವಾ ಒಂದು ಹಿಡಿ ಮಂಡಕ್ಕಿ ಬಾಯಾಡಿಸಿದರೆ ಖಾಲಿ ಹೊಟ್ಟೆಯ ತೊಳಸು ತಗ್ಗುತ್ತದೆ. ನೀರನ್ನು ಊಟದ ನಡುವೆ ಕುಡಿಸಬೇಡಿ, ಇದ್ದ ಜಾಗವೂ ನೀರಿನಿಂದಲೇ ತುಂಬುತ್ತದೆ. ಮೂರು ಹೊತ್ತಿನ ತಟ್ಟೆ ಮರೆತು ಎರಡು ಗಂಟೆಗೊಮ್ಮೆ ಅರ್ಧ ಬಟ್ಟಲು ಕೊಡಿ.

ಇಷ್ಟದ ತಿಂಡಿಯನ್ನು ಕೀಮೋ ದಿನ ಮಾಡಿಕೊಡುವ ಅಕ್ಕರೆ ಮಾತ್ರ ಬೇಡ. ತಿಂದದ್ದು ವಾಂತಿಯಾದರೆ ಮನಸ್ಸು ಆ ತಿಂಡಿಯನ್ನೇ ದೂರುತ್ತದೆ, ಮುಂದೆ ತಿಂಗಳುಗಟ್ಟಲೆ ಅದು ಸೇರುವುದಿಲ್ಲ. ಹೋಳಿಗೆ, ಬಿಸಿಬೇಳೆಬಾತ್ ಏನಿದ್ದರೂ ಮೈ ಚೇತರಿಸಿಕೊಂಡ ಎರಡನೆಯ, ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ. ಆ ವಾರಗಳಲ್ಲಿ ಹಸಿವು ಮರಳುತ್ತದೆ; ಕಳೆದುಕೊಂಡ ತೂಕವನ್ನು ಮರಳಿ ಗಳಿಸುವುದು ಆಗಲೇ.

ಬಾಯಿ ಕಬ್ಬಿಣ ನೆಕ್ಕಿದಂತೆ ಆಗಿದೆ ಎಂದರೆ ಸ್ಟೀಲ್ ಚಮಚ ಬದಲು ಮರದ್ದೋ ಪ್ಲಾಸ್ಟಿಕ್ಕಿನದೋ ಕೊಡಿ. ಬಾಯಿಹುಣ್ಣು ಇಲ್ಲದಿದ್ದರೆ ನಿಂಬೆಹಣ್ಣಿನ ಚಿತ್ರಾನ್ನ, ಮಾವಿನಕಾಯಿ ಗೊಜ್ಜು, ಪುದೀನ ಹಾಕಿದ ಮಜ್ಜಿಗೆ ಬಾಯಿರುಚಿ ಎಬ್ಬಿಸುತ್ತವೆ.

ಆದರೆ ಒಂದು ಎಚ್ಚರಿಕೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ, ಕರುಳಿನ ಕ್ಯಾನ್ಸರಿಗೆ ಹೆಚ್ಚಾಗಿ ಕೊಡುವಂಥದ್ದು, ನಡೆಯುತ್ತಿದ್ದರೆ ಫ್ರಿಜ್‌ನಿಂದ ತೆಗೆದದ್ದು ಏನೂ ಬೇಡ. ತಣ್ಣನೆಯದು ತಾಗಿದರೆ ಗಂಟಲು ಹಿಡಿದು ಉಸಿರು ಕಟ್ಟಿದಂತಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಡ್ರಿಪ್ ಆದ ಮೇಲಿನ ಕೆಲ ದಿನ ಕುಡಿಯುವ ನೀರೂ ಉಗುರುಬೆಚ್ಚಗಿರಲಿ. ‘ವಾಂತಿಗೆ ಐಸ್ ಚೀಪಿಸಿ’ ಎಂಬ ಸಲಹೆಯನ್ನು ಔಷಧದ ಹೆಸರು ನೋಡದೆ ಪಾಲಿಸಬೇಡಿ.

ಬಾಯಿ, ಗಂಟಲಿನ ರೇಡಿಯೇಷನ್

ಹಳ್ಳಿ ಕಡೆ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆ ಬಾಯಿ, ಗಂಟಲಿನ ಕ್ಯಾನ್ಸರಿಗಾದರೆ ವಾರಕ್ಕೆ ಐದು ದಿನದಂತೆ ಆರೂವರೆ, ಏಳು ವಾರ ನಡೆಯುತ್ತದೆ. ಮೊದಲ ವಾರ ಏನೂ ಆಗದು. ಎಲ್ಲರೂ ‘ಪರವಾಗಿಲ್ಲ’ ಎಂದು ಸಮಾಧಾನಪಡುತ್ತಾರೆ. ಎರಡು, ಮೂರನೇ ವಾರದಲ್ಲಿ ಬಾಯೆಲ್ಲ ಹುಣ್ಣಾಗಿ ಜೊಲ್ಲು ಅಂಟಂಟಾಗುತ್ತದೆ. ಮುಗಿದ ಮೇಲೂ ಒಂದೆರಡು ವಾರ ಉರಿ ಹೆಚ್ಚುತ್ತಲೇ ಇರಬಹುದು. ಹಾಗಾಗಿ ಮೊದಲ ವಾರ ತಿನ್ನಲು ಬರುವಾಗ ಚೆನ್ನಾಗಿ ತಿನ್ನಿಸಿ. ಗುಟ್ಕಾ, ಅಡಿಕೆ, ಹೊಗೆಸೊಪ್ಪು ಆ ಹೊತ್ತಿಗೆ ಪೂರ್ತಿ ನಿಂತಿರಬೇಕು.

ಬಾಯಿ ಮುಕ್ಕಳಿಸಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ. ಊಟಕ್ಕೆ ಮುಂಚೆ, ಆದ ಮೇಲೆ, ಮಲಗುವಾಗ ಮುಕ್ಕಳಿಸಿ ಉಗುಳಬೇಕು. ದಿನಕ್ಕೊಮ್ಮೆ ಹೊಸದಾಗಿ ಮಾಡಿ. ಅಂಗಡಿಯ ಘಾಟು ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇರಬಹುದು, ಉರಿ ಹೆಚ್ಚಿಸುತ್ತದೆ. ನೋವಿನ ಔಷಧ ಕೊಟ್ಟಿದ್ದರೆ ಅದರ ಪರಿಣಾಮ ಇರುವ ಹೊತ್ತಿಗೆ ಊಟ ಹೊಂದಿಸಿಕೊಳ್ಳಿ.

ಹುಣಸೆ, ಟೊಮೆಟೊ, ನಿಂಬೆ, ಮೆಣಸು, ಖಾರ ಪೂರ್ತಿ ಬಂದ್. ಹಬೆಯಾಡುವ ಬಿಸಿಯೂ ಬೇಡ. 30 ಗ್ರಾಂ ಅಕ್ಕಿ, 30 ಗ್ರಾಂ ಹೆಸರುಬೇಳೆ, ಒಂದು ಸಣ್ಣ ಕ್ಯಾರೆಟ್, ಆರು ಪಟ್ಟು ನೀರು, ಕುಕ್ಕರಿನಲ್ಲಿ ಐದು ಕೂಗು; ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಎರಡು ಚಮಚ ತುಪ್ಪ ಹಾಕಿದರೆ 320 ಕ್ಯಾಲೊರಿ, 9 ಗ್ರಾಂ ಪ್ರೋಟೀನ್. ಮೆಣಸಿಲ್ಲದ ಪೊಂಗಲ್, ಹಾಲಿನಲ್ಲಿ ನೆನೆದ ಇಡ್ಲಿ, ಸಬ್ಬಕ್ಕಿ ಪಾಯಸ, ಗಟ್ಟಿ ಮೊಸರಲ್ಲಿ ಕಡೆದ ಅನ್ನ ಇಳಿಯುತ್ತವೆ. ಕೊಡಗಿನ ಕಡೆಯ ಬೆಣ್ಣೆಹಣ್ಣು ಈ ಹೊತ್ತಿಗೆ ಬಲು ಒಳ್ಳೆಯದು. 100 ಗ್ರಾಂ ತಿರುಳಿನಲ್ಲಿ 160 ಕ್ಯಾಲೊರಿ, ಹುಳಿಯಿಲ್ಲ, ಅಗಿಯಬೇಕಿಲ್ಲ. ಉತ್ತರ ಕರ್ನಾಟಕದವರಿಗೆ ರೊಟ್ಟಿ ಬಿಟ್ಟಿರಲು ಆಗದಿದ್ದರೆ ಜೋಳದ ನುಚ್ಚನ್ನು ಚೆನ್ನಾಗಿ ಬೇಯಿಸಿ ಹಾಲಲ್ಲೋ ಮಜ್ಜಿಗೆಯಲ್ಲೋ ಕಲಸಿಕೊಡಿ. ಮುದ್ದೆ ಜೊಲ್ಲು ಒಣಗಿದವರ ಗಂಟಲಲ್ಲಿ ಕಚ್ಚಿಕೊಳ್ಳುತ್ತದೆ, ಸದ್ಯಕ್ಕೆ ಬೇಡ. ನೀರು ಕುಡಿಯುವಾಗಲೆಲ್ಲ ಕೆಮ್ಮು ಬರುತ್ತಿದ್ದರೆ ಅದು ಶ್ವಾಸಕೋಶದ ದಾರಿ ಹಿಡಿಯುತ್ತಿದೆ ಎಂದರ್ಥ. ಅಂದೇ ಡಾಕ್ಟರಿಗೆ ತಿಳಿಸಿ.

ಮೂಗಿನ ಟ್ಯೂಬ್ ಹಾಕಿದ್ದರೆ

ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಬೇಕು ಎಂದೊಡನೆ ‘ಕೊನೆಗಾಲ ಬಂತು’ ಎಂದು ಅಳುವವರುಂಟು. ಹಾಗೇನೂ ಇಲ್ಲ. ಹುಣ್ಣು ಮಾಯುವ ತನಕದ ದಾರಿ ಅದು. ಗಂಜಿಯಂಥ ದ್ರವಾಹಾರವನ್ನು ಒಂದು ಸಲಕ್ಕೆ 200 ಮಿ.ಲೀ. ಮೀರದಂತೆ, ಎರಡು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲ ಕೊಟ್ಟರೆ 1,600 ಮಿ.ಲೀ. ಆಗುತ್ತದೆ.

ಪ್ರತಿ ಸಲವೂ ಮೊದಲು ಮೂಗಿನ ಹತ್ತಿರ ಟ್ಯೂಬ್ ಮೇಲೆ ಮಾಡಿದ ಗುರುತು ಇದ್ದಲ್ಲೇ ಇದೆಯೇ ನೋಡಿ. ಸರಿದಿದ್ದರೆ ಏನೂ ಹಾಕಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ, ಆಸ್ಪತ್ರೆಗೆ ಹೋಗಿ. ರೋಗಿಯನ್ನು ಒರಗಿಸಿ ಕೂರಿಸಿ, 30 ಮಿ.ಲೀ. ನೀರು ಬಿಟ್ಟು ಟ್ಯೂಬ್ ತೊಳೆಯಿರಿ. ಸಿರಿಂಜಿನ ಪಿಸ್ಟನ್ ತೆಗೆದು, ಉಗುರುಬೆಚ್ಚಗಿನ ದ್ರವವನ್ನು ಅದರಲ್ಲಿ ಸುರಿದು ತಾನಾಗಿ ಇಳಿಯಲು ಬಿಡಿ. ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಬೇಕು. ಅವಸರಪಟ್ಟು ಒತ್ತಿದರೆ ಹೊಟ್ಟೆ ಉಬ್ಬರ, ವಾಂತಿ, ಭೇದಿ. ಮುಗಿದ ಮೇಲೆ ಮತ್ತೆ 30 ಮಿ.ಲೀ. ನೀರು, ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿಸಬಾರದು. ನಡುವೆ ಕೆಮ್ಮು, ಏದುಸಿರು ಬಂದರೆ ತಕ್ಷಣ ನಿಲ್ಲಿಸಿ.

ಟ್ಯೂಬ್ ಕಟ್ಟಿಕೊಳ್ಳಲು ಮುಖ್ಯ ಕಾರಣ ಎರಡು. ಸೋಸದ ರಾಗಿ ಒಂದು, ಇನ್ನೊಂದು ಪುಡಿ ಮಾಡಿದ ಮಾತ್ರೆಯನ್ನು ಗಂಜಿಗೇ ಬೆರೆಸುವುದು. ಗಂಜಿಯನ್ನು ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿ. ಮಾತ್ರೆಯನ್ನು ಬೇರೆಯಾಗಿ ನೀರಲ್ಲಿ ಕರಗಿಸಿ ಹಾಕಿ, ಹಿಂದೆಯೇ ನೀರು ಬಿಡಿ. ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ, ಕೀಮೋ ಮಾತ್ರೆಯನ್ನಂತೂ ಕೇಳದೆ ಮಾಡಲೇಬಾರದು.

ಕೌಂಟ್ ಇಳಿದಾಗ

ಕೀಮೋ ಆದ 7ರಿಂದ 14ನೇ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆಗ ಹಣ್ಣು-ಹಂಪಲು ಪೂರ್ತಿ ಬಿಡಿಸುವ ಅಗತ್ಯವಿಲ್ಲ. ಚೆನ್ನಾಗಿ ತೊಳೆದು ಸಿಪ್ಪೆ ಸುಲಿದ ಬಾಳೆ, ಪಪ್ಪಾಯಿ, ಕಿತ್ತಳೆ ತಿನ್ನಬಹುದು. ಬೇಡದ್ದು ಇವು: ತಂಗಳನ್ನ, ಹಸಿ ಮೊಳಕೆಕಾಳಿನ ಕೋಸಂಬರಿ, ಅರೆಬೆಂದ ಮೊಟ್ಟೆ, ಕಾಯಿಸದ ಹಾಲು, ರಸ್ತೆಬದಿಯ ಕಬ್ಬಿನಹಾಲು ಮತ್ತು ಕತ್ತರಿಸಿಟ್ಟ ಹಣ್ಣು, ಬೆಳಿಗ್ಗೆ ರುಬ್ಬಿ ಮಧ್ಯಾಹ್ನದ ತನಕ ಹೊರಗಿಟ್ಟ ಕಾಯಿಚಟ್ನಿ, ಗೋಧಿಹುಲ್ಲಿನ ಹಸಿ ರಸ. ಅನ್ನ ಮಾಡಿ ಹೊರಗಿಟ್ಟರೆ ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಹೊಟ್ಟೆಗೋ ಫ್ರಿಜ್ಜಿಗೋ ಸೇರಬೇಕು. ಹೆಪ್ಪಿಗೆ ಕಾಯಿಸಿದ ಹಾಲು ಬಳಸಿದ ಮನೆಯ ತಾಜಾ ಮೊಸರು ಸಾಮಾನ್ಯವಾಗಿ ಸರಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಡೋಲೊ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಎಮರ್ಜೆನ್ಸಿಗೆ ಹೋಗಿ ಕೀಮೋ ನಡೆಯುತ್ತಿದೆ ಎಂದು ಮೊದಲು ಹೇಳಿ.

ಭೇದಿಯಾದರೆ ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಬೇಡ. ಸಿಗದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಾಲು ಕೆಲ ದಿನ ನಿಲ್ಲಿಸಿ ಮಜ್ಜಿಗೆ, ಮೆತ್ತಗಿನ ಅನ್ನ, ಬಾಳೆಹಣ್ಣು ಕೊಡಿ. ದಿನಕ್ಕೆ ಎಂದಿಗಿಂತ ನಾಲ್ಕು ಸಲ ಹೆಚ್ಚಾದರೆ, ರಕ್ತ ಕಂಡರೆ ಆಸ್ಪತ್ರೆಗೆ ತಿಳಿಸಿ. ಮಲಬದ್ಧತೆಗೆ ವಾಂತಿ ತಡೆಯುವ ಒಂಡಾನ್ಸೆಟ್ರಾನ್, ನೋವಿಗೆ ಕೊಡುವ ಮಾರ್ಫಿನ್ ಎರಡೂ ಕಾರಣವಾಗಬಹುದು. ಮಾರ್ಫಿನ್ ತೆಗೆದುಕೊಳ್ಳುವವರು ನೀರು ಕಡಿಮೆ ಕುಡಿದು ಇಸಬ್‌ಗೋಲ್ ನುಂಗಿದರೆ ಅದು ಕರುಳಲ್ಲೇ ಗಟ್ಟಿಯಾಗಿ ಕೂರಬಹುದು. ಅವರಿಗೆ ಬೇರೆ ಔಷಧವೇ ಬೇಕು. ಕೌಂಟ್ ಇಳಿದಿರುವಾಗ ಎನಿಮಾ ಬೇಡ.

ಮಾತ್ರೆ ಮತ್ತು ಊಟದ ಹೊಂದಾಣಿಕೆ

ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ಊಟವಾದ ಅರ್ಧ ಗಂಟೆಯೊಳಗೆ. ಅಬಿರಾಟೆರೋನ್, ನಿಲೊಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ. ಇವೆರಡನ್ನು ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಅಗತ್ಯಕ್ಕಿಂತ ಹೆಚ್ಚು ಸೇರುತ್ತದೆ. ಇಮಾಟಿನಿಬ್, ನಿಲೊಟಿನಿಬ್‌ನಂಥ ಮಾತ್ರೆಗಳ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ನಮ್ಮಲ್ಲಿ ಅದನ್ನು ತಿನ್ನುವವರು ಯಾರು ಎಂದು ಬಿಟ್ಟುಬಿಡಬೇಡಿ, ಚಕ್ಕೋತ ಅದರದೇ ಬಳಗದ ಹಣ್ಣು. ದೇವನಹಳ್ಳಿ ಚಕ್ಕೋತ ಎಷ್ಟೇ ಹೆಸರುವಾಸಿಯಾದರೂ ಆ ಮಾತ್ರೆ ನಡೆಯುವ ತನಕ ದೂರವಿರಲಿ. ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಇಂಜೆಕ್ಷನ್ ಪಡೆಯುವವರು ಗ್ರೀನ್ ಟೀ, ವಿಟಮಿನ್ ಸಿ ಮಾತ್ರೆ ಬಿಡಬೇಕು. ಸಾರಿಗೆ ಹಾಕುವ ಅರಿಶಿನ ಸರಿ. ಅರಿಶಿನದ ಕ್ಯಾಪ್ಸೂಲ್, ಅಮೃತಬಳ್ಳಿ ಕಷಾಯ ಬೇಡ, ಎರಡರಿಂದಲೂ ಲಿವರ್ ಕೆಟ್ಟ ಪ್ರಕರಣಗಳಿವೆ. ಊರಿನ ಪಂಡಿತರ ಪುಡಿ ತೆಗೆದುಕೊಳ್ಳುತ್ತಿದ್ದರೆ ಬಚ್ಚಿಡದೆ ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ.

ಊರು ಬಿಟ್ಟು ಆಸ್ಪತ್ರೆ ಪಕ್ಕದ ಧರ್ಮಶಾಲೆಯಲ್ಲೋ ಬಾಡಿಗೆ ರೂಮಿನಲ್ಲೋ ಇರುವವರಿಗೆ ಇಷ್ಟು ಸಾಕು: ಒಂದು ಕರೆಂಟ್ ಒಲೆ, ಎರಡು ಲೀಟರ್ ಕುಕ್ಕರ್, ಚಿಕ್ಕ ಮಿಕ್ಸಿ, ಸಣ್ಣ ಜರಡಿ, ಥರ್ಮಾಮೀಟರ್. ಮನೆಯಿಂದ ಹೊರಡುವಾಗ ಮೊಳಕೆ ರಾಗಿ ಹಿಟ್ಟು, ಹುರಿಗಡಲೆ ಪುಡಿ, ಹಾಲಿನ ಪುಡಿ, ತುಪ್ಪ ಡಬ್ಬ ತುಂಬಿಸಿ ತನ್ನಿ. ಹುರಿಗಡಲೆಯನ್ನು ಖಾರ, ಬೆಳ್ಳುಳ್ಳಿ ಹಾಕದೆ ಸಪ್ಪಗೆ ಪುಡಿ ಮಾಡಿಸಿದರೆ ಗಂಜಿಗೂ ಬರುತ್ತದೆ, ಮಜ್ಜಿಗೆಗೂ ಬರುತ್ತದೆ. ಹೋಟೆಲಿನಿಂದ ತರಿಸುವುದಾದರೆ ಆಗತಾನೆ ಹಬೆಯಿಂದ ಇಳಿಸಿದ ಇಡ್ಲಿ ತರಿಸಿ, ಚಟ್ನಿ ಅಲ್ಲೇ ಬಿಟ್ಟುಬನ್ನಿ. ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಡಯಟೀಶಿಯನ್ ಇರುತ್ತಾರೆ; ಕ್ಯಾಲೆಂಡರಿನ ತೂಕದ ಹಾಳೆ, ಹಿಂದಿನ ಮೂರು ದಿನ ತಿಂದದ್ದರ ಪಟ್ಟಿ ಎರಡನ್ನೂ ಅವರ ಮುಂದಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲಿ ಕೊರತೆ ಬಿದ್ದಿದೆ ಎಂದು ಹೇಳಬಲ್ಲರು.